ಅರ್ಜಿ ನಂಬರ್ ಬರುವ ಮೊದಲೇ ಸಾಯುವ ಸೆಷನ್‌ಗಳ ಲೆಕ್ಕ ಯಾರ ಬಳಿ ಇದೆ?

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಾಗಲಿ, ಪಕ್ಕದ ಚಳ್ಳಕೆರೆ ಸೀಮೆಯ ಯಾವುದೇ ಹಳ್ಳಿಯಲ್ಲಾಗಲಿ, ಸರ್ಕಾರಿ ಅರ್ಜಿ ಹಾಕಲು ಹೋದವರು ಬರಿಗೈಲಿ ಮನೆಗೆ ಬಂದರೆ ಹೇಳುವ ಕಾರಣ ಒಂದೇ: 'ಸರ್ವರ್ ಇಲ್ವಂತೆ, ನಾಳೆ ಬಾ ಅಂದ್ರು.' ಹಿಂದೆ ಯಾವ ಕಾಯಿಲೆ ಬಂದರೂ 'ಜ್ವರ' ಅಂತಿದ್ದರಲ್ಲ, ಹಾಗೆ. ನೆಟ್‌ವರ್ಕ್ ಹೋಗಿದ್ದರೂ ಸರ್ವರ್ ಇಲ್ಲ. ಒಟಿಪಿ ಬರದಿದ್ದರೂ ಸರ್ವರ್ ಇಲ್ಲ. ಎಲ್ಲ ಸರಿಯಿದ್ದು, ಮುಕ್ಕಾಲು ಅರ್ಜಿ ತುಂಬಿದ ಮೇಲೆ 'ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ' ಅಂತ ಪರದೆ ಬಿಳಿಚಿಕೊಂಡರೂ ಸರ್ವರ್ ಇಲ್ಲ.

ಈ ಕೊನೆಯದರ ಬಗ್ಗೆ ಇವತ್ತು ಮಾತಾಡೋಣ. ಯಾಕೆಂದರೆ ಇದು ಯಂತ್ರ ಕೆಟ್ಟಿದ್ದರಿಂದ ಆಗುವುದಲ್ಲ. ಬಹಳ ಸಲ ಯಂತ್ರ ಹೇಳಿದ ಕೆಲಸವನ್ನೇ ಚಾಚೂ ತಪ್ಪದೆ ಮಾಡಿರುತ್ತದೆ. ಹಾಗೆ ಮಾಡು ಅಂತ ಯಾರೋ ಒಬ್ಬರು ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಬರೆದಿರುತ್ತಾರೆ, ಇಲ್ಲವೇ ಬರೆಯಬೇಕಾದ ಸಾಲನ್ನು ಬರೆಯದೇ ಬಿಟ್ಟಿರುತ್ತಾರೆ.

2023ರ ಜೂನ್ ನೆನಪಿದೆಯಾ? ಆ ತಿಂಗಳ 18ರಂದು ಸೇವಾ ಸಿಂಧುವಿನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾಯಿತು. ಜನ ಮುಗಿಬಿದ್ದರು, ಪೋರ್ಟಲ್ ತತ್ತರಿಸಿತು. ಕೇಂದ್ರ ಸರ್ಕಾರವೇ ಹ್ಯಾಕ್ ಮಾಡಿಸಿದೆ ಅಂತ ಸಚಿವ ಸತೀಶ ಜಾರಕಿಹೊಳಿ ಆರೋಪಿಸಿದರು. ವಿರೋಧ ಪಕ್ಷದವರು ಲೇವಡಿ ಮಾಡಿದರು. ಟಿವಿಯಲ್ಲಿ ಒಂದೆರಡು ದಿನ ಗದ್ದಲ ನಡೆದು ಅಲ್ಲಿಗೆ ಮುಗಿಯಿತು. ಲಕ್ಷಾಂತರ ಜನ ಒಂದೇ ದಿನ ಬರುತ್ತಾರೆ ಅಂತ ಗೊತ್ತಿರುವ ಪೋರ್ಟಲನ್ನು ಹೇಗೆ ಕಟ್ಟಬೇಕು, ಬಂದವರನ್ನು ಅದು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬ ಚರ್ಚೆ ಮಾತ್ರ ಆಗಲೇ ಇಲ್ಲ. ಎಂಜಿನಿಯರಿಂಗ್ ಓದಿ, ಕೋಡ್ ಬರೆದು, ಆಮೇಲೆ ಪತ್ರಿಕೋದ್ಯಮಕ್ಕೆ ಬಂದ ನನಗೆ ಕುತೂಹಲ ಇರುವುದು ಆ ಆಗದ ಚರ್ಚೆಯ ಬಗ್ಗೆ.

ಜಾತ್ರೆಯ ಚಪ್ಪಲಿ ಟೋಕನ್

ವೆಬ್ ಹುಟ್ಟಿದ್ದೇ ಮರೆವಿನ ರೋಗದೊಂದಿಗೆ. ಎಚ್‌ಟಿಟಿಪಿ ಎಂಬ ನಿಯಮಾವಳಿಯ ಪ್ರಕಾರ ನೀವು ಕಳಿಸುವ ಪ್ರತಿ ಕೋರಿಕೆಯೂ ಸರ್ವರ್‌ಗೆ ಹೊಸದು. ಮೊದಲ ಪುಟದಲ್ಲಿ ಹೆಸರು ಹೇಳಿ ಎರಡನೇ ಪುಟಕ್ಕೆ ಹೋದರೆ ಅದು ಮತ್ತೆ 'ಯಾರು ನೀವು?' ಅನ್ನುತ್ತದೆ. ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಒಂದು ಮದ್ದು ಕಂಡುಹಿಡಿದರು. ಅದೇ ಕುಕಿ. ಸರ್ವರ್ ನಿಮ್ಮ ಬ್ರೌಸರ್‌ಗೆ ಒಂದು ಚೀಟಿ ಕೊಡುತ್ತದೆ, ಬ್ರೌಸರ್ ಪ್ರತಿ ಸಲವೂ ಆ ಚೀಟಿ ತೋರಿಸುತ್ತದೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಂತಹ ಜನಜಾತ್ರೆಯಲ್ಲಿ ಚಪ್ಪಲಿ ಬಿಡುವ ಜಾಗವನ್ನು ಕಲ್ಪಿಸಿಕೊಳ್ಳಿ. ಚಪ್ಪಲಿ ಕೊಟ್ಟರೆ ನಿಮ್ಮ ಕೈಗೆ ಒಂದು ನಂಬರಿನ ಟೋಕನ್ ಬರುತ್ತದೆ. ಟೋಕನ್‌ನಲ್ಲಿ ಚಪ್ಪಲಿ ಇಲ್ಲ, ಬರೀ ನಂಬರ್ ಇದೆ. ಚಪ್ಪಲಿ ಒಳಗಡೆ ಗೂಡಿನಲ್ಲಿದೆ. ವಾಪಸ್ ಬಂದು ಟೋಕನ್ ಕೊಟ್ಟರೆ ಅದೇ ಗೂಡಿನಿಂದ ತೆಗೆದುಕೊಡುತ್ತಾರೆ.

ಸೆಷನ್ ಅಂದರೆ ಇಷ್ಟೇ. ಟೋಕನ್ ಅಂದರೆ ಸೆಷನ್ ಐಡಿ. ಅದು ಕುಕಿಯ ರೂಪದಲ್ಲಿ ನಿಮ್ಮ ಬ್ರೌಸರ್‌ನಲ್ಲಿ ಇರುತ್ತದೆ. ನೀವು ಯಾರು, ಯಾವ ಪುಟದವರೆಗೆ ಬಂದಿರಿ, ಏನೇನು ತುಂಬಿದಿರಿ ಎಂಬುದು ಸರ್ವರ್ ಕಡೆಯ ಗೂಡಿನಲ್ಲಿರುತ್ತದೆ. ಆ ಗೂಡಿನ ಹೆಸರು ಸೆಷನ್ ಸ್ಟೋರೇಜ್. ವೆಬ್ ಅಪ್ಲಿಕೇಶನ್ ಕಟ್ಟುವ ಪ್ರತಿ ಫ್ರೇಮ್‌ವರ್ಕೂ ಇದರ ಬಗ್ಗೆ ಎರಡು ದೊಡ್ಡ ಪ್ರಶ್ನೆ ಕೇಳುತ್ತದೆ: ಗೂಡು ಎಲ್ಲಿರಬೇಕು? ಚಪ್ಪಲಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಉತ್ತರ ಕೊಡದಿದ್ದರೆ ಅದು ಸುಮ್ಮನಿರುವುದಿಲ್ಲ. ತನ್ನದೇ ಉತ್ತರವನ್ನು ಹಾಕಿಕೊಂಡು ಮುಂದೆ ಹೋಗುತ್ತದೆ.

ಗೂಡು ಎಲ್ಲಿದೆ?

ಅತ್ಯಂತ ಸುಲಭದ ಜಾಗ ಸರ್ವರ್‌ನ ಸ್ವಂತ ಮೆಮೊರಿ. ಎಎಸ್‌ಪಿ ಡಾಟ್ ನೆಟ್‌ನಲ್ಲಿ ಏನೂ ಬದಲಿಸದಿದ್ದರೆ ಸೆಷನ್‌ಗಳು ಇಲ್ಲೇ ಕೂರುತ್ತವೆ. ವೇಗವೇನೋ ಚೆನ್ನಾಗಿರುತ್ತದೆ. ಆದರೆ ಆ ಪ್ರೋಸೆಸ್ ಒಮ್ಮೆ ರೀಸ್ಟಾರ್ಟ್ ಆದರೆ ಗೂಡೇ ಖಾಲಿ, ಅರ್ಜಿ ತುಂಬುತ್ತಿದ್ದವರೆಲ್ಲ ಹೊರಗೆ. ನೋಡ್ ಜೆಎಸ್ ಬಳಗದ ಎಕ್ಸ್‌ಪ್ರೆಸ್‌ಗೆ ಬಳಸುವ ಸೆಷನ್ ಪ್ಯಾಕೇಜ್‌ನಲ್ಲೂ ಮೊದಲೇ ಬರುವುದು ಮೆಮೊರಿ ಗೂಡು. ನಿಜವಾದ ಬಳಕೆಗೆ ಇದನ್ನು ಮಾಡಿಲ್ಲ, ಇದರಲ್ಲಿ ಮೆಮೊರಿ ಸೋರುತ್ತದೆ, ಒಂದಕ್ಕಿಂತ ಹೆಚ್ಚು ಪ್ರೋಸೆಸ್‌ಗೆ ಇದು ಒದಗುವುದಿಲ್ಲ ಅಂತ ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ದೊಡ್ಡ ಪೋರ್ಟಲ್‌ಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಸರ್ವರ್ ಒಂದೇ ಇರುವುದಿಲ್ಲ, ಹತ್ತಾರು ಇರುತ್ತವೆ. ಮುಂದೆ ನಿಂತ ಲೋಡ್ ಬ್ಯಾಲೆನ್ಸರ್ ಬಂದವರನ್ನು ಬೇರೆ ಬೇರೆ ಸರ್ವರ್‌ಗೆ ಹಂಚುತ್ತದೆ. ನೀವು ಚಪ್ಪಲಿ ಬಿಟ್ಟಿದ್ದು ಪೂರ್ವದ ಕೌಂಟರಿನಲ್ಲಿ, ದರ್ಶನ ಮುಗಿಸಿ ಹೊರಬಂದಿದ್ದು ಪಶ್ಚಿಮದ ಕೌಂಟರಿಗೆ. ಟೋಕನ್ ಸಾಚಾ, ಚಪ್ಪಲಿಯೂ ಇದೆ. ಆದರೆ ಈ ಕೌಂಟರಿನವನಿಗೆ ಆ ಗೂಡು ಕಾಣುವುದಿಲ್ಲ. ಪರದೆಯ ಮೇಲೆ ಬರುವುದು ಅದೇ ಸಾಲು: ಸೆಷನ್ ಮುಗಿದಿದೆ. ನಿಜಕ್ಕೂ ಏನೂ ಮುಗಿದಿರುವುದಿಲ್ಲ.

ಇದಕ್ಕೆ ಒಂದು ತೇಪೆ ಇದೆ. ಒಮ್ಮೆ ಬಂದವರನ್ನು ಯಾವಾಗಲೂ ಅದೇ ಕೌಂಟರಿಗೆ ಕಳಿಸುವುದು. ಇದಕ್ಕೆ ಸ್ಟಿಕಿ ಸೆಷನ್ ಅನ್ನುತ್ತಾರೆ. ಆ ಕೌಂಟರ್ ಮುಚ್ಚಿದರೆ ಮಾತ್ರ ಕಥೆ ಮುಗಿಯಿತು. ಸರಿಯಾದ ಪರಿಹಾರವೆಂದರೆ ಎಲ್ಲ ಕೌಂಟರುಗಳ ಹಿಂದೆ ಒಂದೇ ಗೂಡು ಇಡುವುದು. ಇದನ್ನು ಡೇಟಾಬೇಸ್‌ನಲ್ಲಿ ಇಡಬಹುದು. ಪೈಥಾನ್‌ನ ಜಾಂಗೋ ಮೊದಲಿನಿಂದ ಮಾಡುವುದು ಇದನ್ನೇ, ಲಾರಾವೆಲ್ ಕೂಡ 11ನೇ ಆವೃತ್ತಿಯಿಂದ ಡೇಟಾಬೇಸ್‌ಗೆ ಬಂದಿದೆ. ಆದರೆ ಪ್ರತಿ ಕ್ಲಿಕ್‌ಗೂ ಡೇಟಾಬೇಸ್ ಕದ ತಟ್ಟಬೇಕು. ಜಾಂಗೋದಲ್ಲಿ ಅವಧಿ ಮುಗಿದ ಸೆಷನ್‌ಗಳು ತಾವಾಗಿಯೇ ಅಳಿಯುವುದಿಲ್ಲ, ಆಗಾಗ ಗುಡಿಸುವ ಏರ್ಪಾಡು ಮಾಡಬೇಕು. ಗುಡಿಸದಿದ್ದರೆ ಕಸ ಬೆಳೆಯುತ್ತಲೇ ಹೋಗುತ್ತದೆ.

ಇನ್ನೊಂದು ದಾರಿ ರೆಡಿಸ್‌ನಂತಹ ಮೆಮೊರಿ ಭಂಡಾರ. ದೊಡ್ಡ ತಾಣಗಳಲ್ಲಿ ಬಹಳ ಬಳಕೆಯಲ್ಲಿರುವುದು ಇದು. ವೇಗವೂ ಉಂಟು, ಎಲ್ಲ ಸರ್ವರ್‌ಗಳಿಗೂ ಕಾಣುತ್ತದೆ. ಆದರೆ ಮೆಮೊರಿ ತುಂಬಿದಾಗ ಏನು ಮಾಡಬೇಕು ಎಂಬುದನ್ನು ಅದಕ್ಕೆ ಮೊದಲೇ ಹೇಳಿಡಬೇಕು. ಜನಪ್ರಿಯವಾದ ಒಂದು ಆಯ್ಕೆ ಹೀಗಿದೆ: ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು ಮೊದಲು ಎಸೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕೊನೆಯ ದಿನದ ನೂಕುನುಗ್ಗಲಿನಲ್ಲಿ ಬಹಳ ಹೊತ್ತಿನಿಂದ ಕ್ಲಿಕ್ ಮಾಡದೆ ಕೂತಿರುವವರು ಯಾರು? ಒಟಿಪಿಗೆ ಕಾಯುತ್ತಿರುವವರು. ನೆಟ್‌ವರ್ಕ್ ಬರಲಿ ಅಂತ ಕೂತವರು. ಪಹಣಿಯ ಸರ್ವೆ ನಂಬರ್ ಹುಡುಕುತ್ತಿರುವವರು. ಬೆಂಗಳೂರಿನ ಫ್ಲಾಟಿನಲ್ಲಿ ಫೈಬರ್ ಸಂಪರ್ಕ ಇಟ್ಟುಕೊಂಡು ಪಟಪಟ ಒತ್ತುವವನ ಸೆಷನ್ ಉಳಿಯುತ್ತದೆ. ಕೊಂಡ್ಲಹಳ್ಳಿಯವರದ್ದು ಮೊದಲು ಬೀಳುತ್ತದೆ. ಇಲ್ಲಿ ಯಾರೂ ಭೇದಭಾವ ಮಾಡಬೇಕು ಅಂತ ಹೊರಟಿಲ್ಲ. ನಿಯಮವೇ ಆ ಕೆಲಸ ಮಾಡಿತು.

20 ನಿಮಿಷ ಎಂದು ಯಾರು ಹೇಳಿದ್ದು?

ಎರಡನೇ ಪ್ರಶ್ನೆ ಅವಧಿಯದು. ಎಎಸ್‌ಪಿ ಡಾಟ್ ನೆಟ್‌ನಲ್ಲಿ ಮೊದಲೇ ಇಟ್ಟಿರುವ ಅವಧಿ 20 ನಿಮಿಷ. ಪಿಎಚ್‌ಪಿಯಲ್ಲಿ 1440 ಸೆಕೆಂಡ್, ಅಂದರೆ 24 ನಿಮಿಷ. ಜಾವಾ ಬಳಗದ ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. ಲಾರಾವೆಲ್‌ನಲ್ಲಿ 120 ನಿಮಿಷ. ಜಾಂಗೋದಲ್ಲಿ ಎರಡು ವಾರ. ಈ ಅಂತರ ನೋಡಿದರೇ ಗೊತ್ತಾಗುತ್ತದೆ, ಇದರಲ್ಲಿ ಯಾವ ಪ್ರಕೃತಿ ನಿಯಮವೂ ಇಲ್ಲ. ಒಂದೊಂದು ತಂಡ ತನಗೆ ಸರಿಕಂಡ ಸಂಖ್ಯೆ ಇಟ್ಟಿತು. ಟೆಂಡರ್ ಗೆದ್ದ ಕಂಪನಿ ಯಾವ ಫ್ರೇಮ್‌ವರ್ಕ್ ಆರಿಸಿತು ಎಂಬುದರ ಮೇಲೆ ನಿಮ್ಮ ಅಜ್ಜಿಗೆ 20 ನಿಮಿಷ ಸಿಗುತ್ತದೋ ಎರಡು ಗಂಟೆ ಸಿಗುತ್ತದೋ ತೀರ್ಮಾನವಾಗಬಹುದು.

ಹಳ್ಳಿಯಲ್ಲಿ 20 ನಿಮಿಷ ಅಂದರೆ ಎಷ್ಟು? ಹೀಗೊಂದು ಲೆಕ್ಕ ಹಾಕಿ. ಮಳೆಯಾಶ್ರಿತ ಶೇಂಗಾ ಬೆಳೆಯುವ ರೈತ ಮಹಿಳೆಯೊಬ್ಬರು ಬೆಳೆ ವಿಮೆ ಮಾಡಿಸಲು ಗ್ರಾಮ ಒನ್ ಕೇಂದ್ರಕ್ಕೆ ಬರುತ್ತಾರೆ. ಮುಂಗಾರು ಬೆಳೆಗೆ ರೈತರು ಕಟ್ಟಬೇಕಾದ ಪ್ರೀಮಿಯಂ ವಿಮಾ ಮೊತ್ತದ ಶೇ 2ರಷ್ಟು. ಆಧಾರ್‌ಗೆ ಜೋಡಿಸಿದ ಮೊಬೈಲ್ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಹತ್ತಿರ. ಅವನಿಗೆ ಫೋನ್ ಮಾಡಬೇಕು. ಅವನು ಎತ್ತಬೇಕು. ಒಟಿಪಿ ಓದಿ ಹೇಳಬೇಕು. ಅಷ್ಟರಲ್ಲಿ ಆ ಒಟಿಪಿಯ ಗಡುವು ಮುಗಿದಿದ್ದರೆ ಮತ್ತೊಂದು ಕಳಿಸಬೇಕು. ಬ್ಯಾಂಕ್ ಪಾಸ್‌ಬುಕ್ ಮನೆಯಲ್ಲಿದೆ, ಮೊಮ್ಮಗ ಓಡಿಹೋಗಿ ತರುತ್ತಾನೆ. ಇಷ್ಟಕ್ಕೆ 20 ನಿಮಿಷ ಯಾವ ಮೂಲೆಗೆ? ಪರದೆ ಬಿಳಿಯಾಗುತ್ತದೆ. ಹಿಂದೆ ಸಾಲು ನಿಂತಿದೆ. 'ನಾಳೆ ಬಾರಮ್ಮ.' ನಾಳೆ ಬರುವುದೆಂದರೆ ಇನ್ನೊಂದು ದಿನದ ಕೂಲಿ ಹೋಯಿತು. 2025–26ಕ್ಕೆ ರಾಜ್ಯದಲ್ಲಿ ನಿಗದಿಯಾದ ನರೇಗಾ ಕೂಲಿಯನ್ನೇ ಹಿಡಿದರೂ 370 ರೂಪಾಯಿ.

ಕೋವಿನ್ ಇದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟಿತ್ತು. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರು ಲಸಿಕೆಗೆ ಆನ್‌ಲೈನ್‌ನಲ್ಲೇ ನೋಂದಾಯಿಸಬೇಕಿತ್ತು. ಸ್ಲಾಟ್ ಹುಡುಕುತ್ತಾ ಕೂತರೆ ಕಾಲು ಗಂಟೆಯಲ್ಲಿ ಲಾಗಿನ್ ಹಾರಿಹೋಗುತ್ತಿತ್ತು, ಮತ್ತೆ ಒಟಿಪಿ. ಆ ತಿಂಗಳ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ಡಿಜಿಟಲ್ ಕಂದಕದ ಬಗ್ಗೆ ಕೇಂದ್ರವನ್ನು ಪ್ರಶ್ನಿಸಿತು. ಪೋರ್ಟಲ್‌ನ ವಿನ್ಯಾಸವೂ ಸಂವಿಧಾನದ ಸಮಾನತೆಯ ಪ್ರಶ್ನೆ ಆಗಬಹುದು ಅಂತ ಆಗ ದೇಶಕ್ಕೆ ಗೊತ್ತಾಯಿತು.

ಭದ್ರತೆಯ ಮಾತು ಸುಳ್ಳಲ್ಲ

ಹಾಗಾದರೆ ಅವಧಿಯನ್ನು ಎರಡು ದಿನ ಇಟ್ಟುಬಿಡಿ ಅನ್ನಬಹುದಾ? ಆಗದು. ಸೇವಾ ಕೇಂದ್ರದ ಒಂದೇ ಕಂಪ್ಯೂಟರ್‌ನಲ್ಲಿ ದಿನಕ್ಕೆ ಹತ್ತಾರು ಜನರ ಕೆಲಸ ನಡೆಯುತ್ತದೆ. ಒಬ್ಬರ ಲಾಗಿನ್ ಹಾಗೇ ತೆರೆದಿದ್ದರೆ ಮುಂದಿನವರು ಅವರ ಆಧಾರ್, ಬ್ಯಾಂಕ್ ಖಾತೆ ಎಲ್ಲ ನೋಡಬಹುದು. ಟೋಕನ್ ಕದ್ದವನೂ ಅಷ್ಟೇ, ಚಪ್ಪಲಿ ಅವನದಾಗುತ್ತದೆ. ಅದಕ್ಕೇ ಕುಕಿಗೆ ಕೆಲವು ಬೀಗಗಳಿವೆ. ಎನ್‌ಕ್ರಿಪ್ಟ್ ಆದ ಸಂಪರ್ಕದಲ್ಲಿ ಮಾತ್ರ ಹೋಗು, ಪುಟದಲ್ಲಿ ಓಡುವ ಸ್ಕ್ರಿಪ್ಟ್‌ಗಳ ಕೈಗೆ ಸಿಗಬೇಡ, ಬೇರೆ ತಾಣದಿಂದ ಬಂದ ಕೋರಿಕೆಯ ಜೊತೆ ಹೋಗಬೇಡ ಅಂತ ಅದಕ್ಕೆ ಹೇಳಬಹುದು. ಲಾಗಿನ್ ಆದ ಕೂಡಲೇ ಹಳೇ ಸೆಷನ್ ಐಡಿ ಬಿಸಾಡಿ ಹೊಸದು ಕೊಡುವುದು ಇನ್ನೊಂದು ಬೀಗ. ವೆಬ್ ಭದ್ರತೆಯ ಬಗ್ಗೆ ಕೆಲಸ ಮಾಡುವ ಒವಾಸ್ಪ್ ಸಂಸ್ಥೆ ಹೆಚ್ಚು ಅಪಾಯದ ಕೆಲಸಗಳಿಗೆ 2ರಿಂದ 5 ನಿಮಿಷ, ಕಡಿಮೆ ಅಪಾಯದವಕ್ಕೆ 15ರಿಂದ 30 ನಿಮಿಷದ ನಿಷ್ಕ್ರಿಯ ಅವಧಿ ಸಾಮಾನ್ಯ ಅನ್ನುತ್ತದೆ.

ಹಾಗಾದರೆ ದಾರಿ ಯಾವುದು? ಎರಡು ಬೇರೆ ವಸ್ತುಗಳನ್ನು ಒಂದೇ ಗೂಡಿನಲ್ಲಿ ಇಟ್ಟಿರುವುದೇ ಇಲ್ಲಿನ ಗಂಟು. ನೀವು ಯಾರು ಎಂಬ ನೆನಪು ಬೇರೆ, ನೀವು ಏನು ತುಂಬಿದಿರಿ ಎಂಬ ನೆನಪು ಬೇರೆ. ಮೊದಲನೆಯದು ಬೇಗ ಸಾಯಲಿ, ಅದು ಭದ್ರತೆ. ಎರಡನೆಯದು ಸಾಯಬಾರದು, ಅದು ಜನರ ದುಡಿಮೆ. ತುಂಬಿದ ಪ್ರತಿ ಪುಟವನ್ನೂ ಸೆಷನ್‌ನಲ್ಲಿ ನೇತುಹಾಕುವ ಬದಲು ಡೇಟಾಬೇಸ್‌ನಲ್ಲಿ ಕರಡು ಅಂತ ಉಳಿಸಿ, ಅದಕ್ಕೊಂದು ನಂಬರ್ ಕೊಟ್ಟರೆ ಸಾಕು. ಸೆಷನ್ ಹೋದರೂ ಮತ್ತೆ ಲಾಗಿನ್ ಆಗಿ ನಿಲ್ಲಿಸಿದ ಪುಟದಿಂದಲೇ ಶುರು ಮಾಡಬಹುದು. ಇದೇನು ರಾಕೆಟ್ ವಿಜ್ಞಾನವಲ್ಲ. ಎನ್‌ಐಸಿಯ ಸರ್ವೀಸ್‌ಪ್ಲಸ್ ಚೌಕಟ್ಟಿನಲ್ಲಿ ಅಪೂರ್ಣ ಅರ್ಜಿಗಳನ್ನು ಮತ್ತೆ ತೆರೆಯುವ ಮೆನು ಇದ್ದೇ ಇದೆ. ಪ್ರತಿ ಪೋರ್ಟಲ್‌ನಲ್ಲೂ, ಪ್ರತಿ ಸೇವೆಗೂ ಅದು ಕಡ್ಡಾಯವಾಗಬೇಕು ಎಂಬುದಷ್ಟೇ ಬೇಡಿಕೆ.

ಎಚ್ಚರಿಕೆಯ ಗಂಟೆಯೂ ಬೇಕು. ವೆಬ್ ಎಲ್ಲರಿಗೂ ಎಟುಕಬೇಕೆಂಬ ಡಬ್ಲ್ಯುಸಿಎಜಿ ಮಾನದಂಡ 2008ರಿಂದಲೇ ಹೇಳುತ್ತಿದೆ: ಸಮಯದ ಮಿತಿಯನ್ನು ಬಳಸುವವರೇ ತೆಗೆಯುವ ಅಥವಾ ಬದಲಿಸುವ ಅವಕಾಶ ಇರಲಿ, ಇಲ್ಲದಿದ್ದರೆ ಮುಗಿಯುವ ಮುಂಚೆ ಎಚ್ಚರಿಸಿ, ಒಂದು ಸರಳ ಕ್ಲಿಕ್‌ನಿಂದ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಿ. ನಮ್ಮ ಸರ್ಕಾರಿ ತಾಣಗಳಿಗಾಗಿ ಕೇಂದ್ರ ರೂಪಿಸಿದ ಜಿಐಜಿಡಬ್ಲ್ಯು ಮಾರ್ಗಸೂಚಿಗೂ ಈ ಮಾನದಂಡವೇ ಆಧಾರ. ಅಂದರೆ ಕಾಗದದ ಮೇಲೆ ಎಲ್ಲವೂ ಇದೆ.

ಲೆಕ್ಕಕ್ಕೇ ಸಿಗದ ಜನ

ಈಗ ರಾಜಕೀಯದ ಮಾತಿಗೆ ಬರೋಣ. ಕರ್ನಾಟಕದಲ್ಲಿ ಸಕಾಲ ಕಾಯ್ದೆ ಇದೆ. 2011ರಲ್ಲಿ ಬಂದದ್ದು, 2012ರ ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ ಅನ್ವಯ. ಜಾತಿ, ಆದಾಯ ಪ್ರಮಾಣ ಪತ್ರದಂತಹ ಸೇವೆ ನಿಗದಿತ ದಿನದೊಳಗೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಒಳ್ಳೆಯ ಕಾನೂನು. ಆದರೆ ಅದರ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾಗಿ, ನಿಮ್ಮ ಕೈಗೆ ನಂಬರ್ ಬಂದ ಮೇಲೆ.

ಸೆಷನ್ ಸಾಯುವುದು ಅದಕ್ಕಿಂತ ಮುಂಚೆ. ಅರ್ಜಿಗೆ ನಂಬರ್ ಇಲ್ಲ, ಹಾಗಾಗಿ ವಿಳಂಬವೂ ಇಲ್ಲ, ದೂರೂ ಇಲ್ಲ, ಪರಿಹಾರವೂ ಇಲ್ಲ. ಮೂರು ದಿನ ಅಲೆದು ನಾಲ್ಕನೇ ದಿನ ಅರ್ಜಿ ಹಾಕಿದವರು ಸರ್ಕಾರದ ಅಂಕಿಅಂಶದಲ್ಲಿ ಆ ನಾಲ್ಕನೇ ದಿನವೇ ಹುಟ್ಟುತ್ತಾರೆ. ಅಲೆದು ಅಲೆದು ಬೇಸತ್ತು ಬಿಟ್ಟವರು ಹುಟ್ಟುವುದೇ ಇಲ್ಲ. 'ಇಷ್ಟು ಲಕ್ಷ ಅರ್ಜಿ ಬಂದವು, ಶೇ 98ರಷ್ಟು ವಿಲೇವಾರಿ' ಎಂಬಂತಹ ಸಾಲನ್ನು ಮುಂದಿನ ಸಲ ಯಾವುದಾದರೂ ಜಾಹೀರಾತಿನಲ್ಲಿ ಓದಿದಾಗ ಇದನ್ನು ನೆನಪಿಡಿ. ಬಾಗಿಲ ಹೊರಗೆ ನಿಂತವರನ್ನು ಯಾರೂ ಎಣಿಸಿರುವುದಿಲ್ಲ.

ಎಣಿಸಲು ಆಗದೇ ಅಂದರೆ, ಖಂಡಿತ ಆಗುತ್ತದೆ. ಎಷ್ಟು ಲಾಗಿನ್ ಆದವು, ಅದರಲ್ಲಿ ಎಷ್ಟು ಅರ್ಜಿಯ ಕೊನೆ ಮುಟ್ಟಿದವು, ಎಷ್ಟು ಯಾವ ಪುಟದಲ್ಲಿ ನಿಂತವು ಎಂಬುದನ್ನು ದಾಖಲಿಸುವುದು ಸುಲಭ. ಊಟ ತರಿಸುವ ಆ್ಯಪ್‌ಗಳು ಇದೇ ಲೆಕ್ಕದ ಮೇಲೆ ಬದುಕುತ್ತವೆ. ಗಿರಾಕಿ ಪಾವತಿ ಪುಟದಲ್ಲಿ ಕೈಬಿಟ್ಟರೆ ಅವರಿಗೆ ನಿದ್ದೆ ಬರುವುದಿಲ್ಲ.

ಅಮೆರಿಕದಲ್ಲಿ ಆರೋಗ್ಯ ವಿಮೆಯ ಹೆಲ್ತ್‌ಕೇರ್ ಡಾಟ್ ಗೌ ತಾಣ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ಪೂರ್ತಿ ನೋಂದಣಿ ಮುಗಿಸಿದವರು ಬರೀ 6 ಜನ. ಯೋಜನೆಗಳನ್ನು ನೋಡಬೇಕಾದರೂ ಮೊದಲು ಖಾತೆ ತೆರೆಯಬೇಕಿತ್ತು, ಜನ ಲಾಗಿನ್ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡರು. ಆ 6 ಎಂಬ ಅಂಕಿ ಹೊರಬಿದ್ದಿದ್ದು ಅಲ್ಲಿನ ಸಂಸದೀಯ ಸಮಿತಿ ಕಾಗದಪತ್ರ ತರಿಸಿದ್ದರಿಂದ. 2016ರಲ್ಲಿ ಆ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಎಲ್ಲಿ ಎಡವಿದೆವು ಅಂತ ದೀರ್ಘ ವರದಿಯನ್ನೇ ಪ್ರಕಟಿಸಿತು. ಗೃಹಜ್ಯೋತಿಯ ಗದ್ದಲದಿಂದ ನಮ್ಮಲ್ಲೂ ಒಂದಷ್ಟು ಪಾಠ ಕಲಿತರು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಶುರುವಾದಾಗ ಯಾರು ಯಾವ ದಿನ, ಎಷ್ಟು ಗಂಟೆಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಎಸ್‌ಎಂಎಸ್‌ನಲ್ಲಿ ಹೇಳುವ ವ್ಯವಸ್ಥೆ ಮಾಡಿದರು. ಜನರನ್ನು ಹಂಚುವುದೂ ಒಂದು ಎಂಜಿನಿಯರಿಂಗೇ. ಆದರೆ ಪಾಠವನ್ನು ಬರೆದಿಟ್ಟರೆ ಮಾತ್ರ ಮುಂದಿನ ಇಲಾಖೆಗೂ ಅದು ಸಿಗುತ್ತದೆ.

ನೀವು ಕೇಳಬಹುದಾದ್ದು

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಕೋಡ್ ಬರೆಯುವವರು, ಇನ್ನು ಕೆಲವರು ಊರಿನಲ್ಲಿ ಸಂಘಟನೆ ಕಟ್ಟುವವರು. ಇಬ್ಬರಿಗೂ ಇಲ್ಲಿ ಕೆಲಸವಿದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನ. ಸೇವಾ ಸಿಂಧು ಬಗ್ಗೆ ಇ-ಆಡಳಿತ ಇಲಾಖೆಗೆ, ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್ ಬಗ್ಗೆ ಕೃಷಿ ಇಲಾಖೆಗೆ ಹೀಗೆ ಕೇಳಿ:

ಈ ಪೋರ್ಟಲ್‌ನಲ್ಲಿ ಸೆಷನ್ ಅವಧಿ ಎಷ್ಟು ನಿಮಿಷ, ಅದನ್ನು ನಿಗದಿ ಮಾಡಿದ ಆದೇಶ ಯಾವುದು? ಮುಗಿಯುವ ಮುಂಚೆ ಎಚ್ಚರಿಕೆ ಬರುತ್ತದೆಯೇ? ಅರ್ಧ ತುಂಬಿದ ಅರ್ಜಿ ಉಳಿಯುತ್ತದೆಯೇ, ಎಷ್ಟು ದಿನ? ಕಳೆದ ವರ್ಷ ಶುರುವಾದ ಅರ್ಜಿಗಳೆಷ್ಟು, ಸಲ್ಲಿಕೆಯಾದವು ಎಷ್ಟು? ಕೊನೆಯ ದಿನದಷ್ಟು ಜನ ಬಂದರೆ ತಡೆಯುತ್ತದೆಯೇ ಅಂತ ಲೋಡ್ ಪರೀಕ್ಷೆ ಮಾಡಿದ್ದು ಯಾವಾಗ?

ಸರ್ವರ್‌ಗಳ ಒಳಗಿನ ನಕ್ಷೆ ಕೊಡಲಾಗದು ಅಂತ ಭದ್ರತೆಯ ಕಾರಣ ಹೇಳಬಹುದು, ಒಪ್ಪೋಣ. ಆದರೆ ಅವಧಿಯೇನು ಗುಟ್ಟಲ್ಲ. ಗಡಿಯಾರ ಹಿಡಿದು ಕೂತ ಯಾರಿಗಾದರೂ ಅದು ಗೊತ್ತಾಗುತ್ತದೆ. ಎಷ್ಟು ಜನ ಅರ್ಧದಲ್ಲೇ ಹೋದರು ಎಂಬುದಂತೂ ಗುಟ್ಟಾಗಿರಲೇಬಾರದು.

ಕೋಡ್ ಬರೆಯುವವರಿಗೆ ಒಂದು ಮಾತು. ಮುಂದಿನ ಸಲ ಫ್ರೇಮ್‌ವರ್ಕ್‌ನ ಸೆಷನ್ ಸಾಲುಗಳ ಮುಂದೆ ಕೂತಾಗ ಅಲ್ಲಿರುವ ಸಂಖ್ಯೆಯನ್ನು ಹಾಗೇ ಬಿಟ್ಟು ಮುಂದೆ ಹೋಗಬೇಡಿ. ನಿಮ್ಮ ಟೆಸ್ಟಿಂಗ್ ಲ್ಯಾಪ್‌ಟಾಪನ್ನು ಒಂದು ದಿನ ನಿಧಾನದ ನೆಟ್‌ವರ್ಕ್‌ಗೆ ಹಾಕಿ, ಒಟಿಪಿಯನ್ನು ಬೇರೆ ಊರಿನವರಿಂದ ಫೋನ್‌ನಲ್ಲಿ ಕೇಳಿ ತಿಳಿದು, ಅರ್ಜಿಯನ್ನು ಕೊನೆಯವರೆಗೂ ತುಂಬಿ ನೋಡಿ. ಎಷ್ಟು ನಿಮಿಷ ಬೇಕಾಯಿತೋ ಬರೆದಿಟ್ಟುಕೊಳ್ಳಿ. ಅವಧಿಯ ಚರ್ಚೆ ಆ ಸಂಖ್ಯೆಯಿಂದ ಶುರುವಾಗಲಿ.